ಬಾಡಿಗೆ ಮನೆ ಕೊಡುವಾಗ ಮುಖ, ಮೈಬಣ್ಣ ನೋಡುವುದು: ನಮ್ಮ ಅಪಾರ್ಟ್‌ಮೆಂಟ್ ಸಂಘದ ನಿರ್ಣಯದ ಬಗ್ಗೆ ಅಭಿಪ್ರಾಯ ಬೇಕು

ಹೆಣ್ಣೂರು ನಿವಾಸಿ
ಮುಂದಿನ ಭಾನುವಾರ ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಾಮಾನ್ಯ ಸಭೆ ಇದೆ. ಸಭೆಯ ಸೂಚನಾಪತ್ರದಲ್ಲಿ ನೀರಿನ ಟ್ಯಾಂಕರ್ ಬಿಲ್ಲು, ಲಿಫ್ಟ್ ದುರಸ್ತಿಗಳ ಜೊತೆಗೆ ಹೀಗೊಂದು ನಿರ್ಣಯವನ್ನೂ ಸೇರಿಸಿದ್ದಾರೆ: ‘ಆಫ್ರಿಕಾ ದೇಶಗಳ ಪ್ರಜೆಗಳಿಗೆ ಮತ್ತು ಈಶಾನ್ಯ ರಾಜ್ಯಗಳ ಅವಿವಾಹಿತರಿಗೆ ಯಾವ ಸದಸ್ಯರೂ ಮನೆಯನ್ನು ಬಾಡಿಗೆಗೆ ಕೊಡತಕ್ಕದ್ದಲ್ಲ.’

ಕಾರಣ ಕೇಳಿದರೆ, ಕಳೆದ ತಿಂಗಳು ಮೂರನೆಯ ಮಹಡಿಯಲ್ಲಿ ರಾತ್ರಿ ಹನ್ನೊಂದರ ಮೇಲೂ ಹಾಡು ಕೇಳಿಸುತ್ತಿತ್ತು ಎನ್ನುತ್ತಾರೆ. ಆ ಮನೆಯಲ್ಲಿರುವವರು ಇಲ್ಲಿಯ ಕಾಲೇಜಿನಲ್ಲಿ ಓದುತ್ತಿರುವ ಇಬ್ಬರು ನೈಜೀರಿಯಾದ ಹುಡುಗರು. ಕಾವಲುಗಾರ ಹೋಗಿ ಹೇಳಿದ ಕೂಡಲೇ ಅವರು ಹಾಡು ನಿಲ್ಲಿಸಿ, ಮರುದಿನ ಪಕ್ಕದ ಮನೆಗೆ ಹೋಗಿ ಕ್ಷಮೆಯನ್ನೂ ಕೇಳಿದರು. ಅದೇ ತಿಂಗಳು ಒಂದು ಮನೆಯ ಹುಟ್ಟುಹಬ್ಬದಲ್ಲಿ ಮಧ್ಯರಾತ್ರಿಯವರೆಗೆ ಧ್ವನಿವರ್ಧಕ ಕೂಗಿತು. ಆ ಮನೆಯವರ ಊರಿನವರಿಗೆಲ್ಲ ಬಾಡಿಗೆ ಕೊಡಬಾರದೆಂದು ಯಾರೂ ನಿರ್ಣಯ ತರಲಿಲ್ಲ, ತರಬೇಕಾಗಿಯೂ ಇರಲಿಲ್ಲ. ಇದು ಜನಾಂಗೀಯ ತಾರತಮ್ಯವಲ್ಲದೆ ಮತ್ತೇನು ಎಂಬುದು ನನ್ನ ಪ್ರಶ್ನೆ. ಇಂಥ ನಿರ್ಣಯಕ್ಕೆ ಕಾನೂನಿನ ಬೆಲೆ ಇದೆಯೇ, ಸಭೆಯಲ್ಲಿ ನಾನು ಏನು ಮಾತಾಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಸುಮಾ ಭಟ್
ಪ್ರಶ್ನಾರ್ಥಕ ಚಿಹ್ನೆಯೇ ಬೇಡ, ಇದು ತಾರತಮ್ಯವೇ ಸರಿ.

ಜಯನಗರದ ಮನೆ ಮಾಲೀಕ
ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸುಲಭ. ನಿವೃತ್ತಿಯ ದುಡ್ಡೆಲ್ಲ ಹಾಕಿ ಕಟ್ಟಿದ ಮನೆಯ ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಟ್ಟು, ಆ ಬಾಡಿಗೆಯಲ್ಲಿ ಔಷಧಿಯ ಖರ್ಚು ತೂಗಿಸುವವರ ಭಯವೂ ನಿಮಗೆ ಅರ್ಥವಾಗಬೇಕು. ಮಾದಕ ವಸ್ತುಗಳ ಪ್ರಕರಣದಲ್ಲಿ ವಿದೇಶಿಯರ ಬಂಧನ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ನಾಳೆ ಪೊಲೀಸರು ಬಂದು ಬಾಗಿಲು ತಟ್ಟಿದರೆ ಠಾಣೆಗೆ ಅಲೆಯಬೇಕಾದವನು ನಾನು. ನನಗೆ ಯಾರ ಬಣ್ಣದ ಮೇಲೂ ದ್ವೇಷವಿಲ್ಲ. ಆದರೆ ನನ್ನ ಮನೆಯನ್ನು ಯಾರಿಗೆ ಕೊಡಬೇಕು ಎಂದು ತೀರ್ಮಾನಿಸುವ ಹಕ್ಕು ನನಗಿದೆ.

ಹೆಣ್ಣೂರು ನಿವಾಸಿ
ಮಾಲೀಕರೇ, ನಿಮ್ಮ ಹಕ್ಕಿನ ಮಾತು ಒಂದು ಕಡೆ ಇರಲಿ. ನಮ್ಮ ಸಂಘದ ನಿರ್ಣಯವು ಅದೇ ಹಕ್ಕನ್ನು ಉಳಿದ ಮಾಲೀಕರಿಂದ ಕಿತ್ತುಕೊಳ್ಳುತ್ತಿದೆ. ಕೊಡಲು ಮನಸ್ಸಿರುವವರೂ ಕೊಡಬಾರದು ಎಂದಾದರೆ ಅದನ್ನು ನೀವು ಒಪ್ಪುತ್ತೀರಾ?

ವಕೀಲ, ಸಿವಿಲ್ ಕೋರ್ಟ್
ಕಾನೂನಿನ ಸ್ಥಿತಿಯನ್ನು ಇದ್ದಂತೆ ಹೇಳುತ್ತೇನೆ, ಏಕೆಂದರೆ ಎರಡೂ ಕಡೆಯವರು ತಮಗೆ ಬೇಕಾದಷ್ಟನ್ನೇ ಹೇಳುವ ರೂಢಿಯಿದೆ. ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಆಧಾರದ ಮೇಲೆ ನಾಗರಿಕರ ನಡುವೆ ಭೇದ ಮಾಡದಂತೆ ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತದೆ. ಅದರ ಎರಡನೆಯ ಖಂಡವು ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಂಥ ಕಡೆ ಖಾಸಗಿಯವರಿಗೂ ಅನ್ವಯಿಸುತ್ತದೆ. ಆದರೆ ಬಾಡಿಗೆ ಮನೆಯ ಹೆಸರು ಅಲ್ಲಿಲ್ಲ. ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಂಘವೊಂದು ತನ್ನ ಸದಸ್ಯತ್ವವನ್ನು ಪಾರ್ಸಿಗಳಿಗೆ ಮಾತ್ರ ಮೀಸಲಿಟ್ಟಿದ್ದನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿದ ಮೇಲಂತೂ, ವಸತಿಯಲ್ಲಿ ನಡೆಯುವ ಖಾಸಗಿ ಭೇದವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದು ಮತ್ತಷ್ಟು ಕಷ್ಟವಾಗಿದೆ.

ಬ್ರಿಟನ್ನಿನಲ್ಲಿ 1965ರಲ್ಲಿ ಮೊದಲ ಜನಾಂಗೀಯ ಸಂಬಂಧಗಳ ಕಾಯ್ದೆ ಬಂದಾಗಲೂ ವಸತಿ ಅದರಿಂದ ಹೊರಗೇ ಉಳಿದಿತ್ತು. 1968ರ ಕಾಯ್ದೆಯಲ್ಲಿ ಮನೆ ಮತ್ತು ಉದ್ಯೋಗ ಎರಡನ್ನೂ ಸೇರಿಸಿದರು. ಅಮೆರಿಕದಲ್ಲಿಯೂ ಅದೇ 1968ರಲ್ಲಿ ವಸತಿ ಕಾಯ್ದೆ ಬಂತು. ಜನಾಂಗೀಯ ತಾರತಮ್ಯ ನಿವಾರಣೆಯ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ ಅಂಗೀಕರಿಸಿದ್ದೂ 1968ರಲ್ಲೇ. ಆ ದೇಶಗಳು ಬಾಡಿಗೆ ಮನೆಗೆ ಕಾನೂನು ಮಾಡಿದವು, ನಾವು ಇನ್ನೂ ಮಾಡಿಲ್ಲ.

ಹಾಗೆಂದು ನಿಮ್ಮ ಸಂಘದ ನಿರ್ಣಯ ಗಟ್ಟಿಯಾಗಿದೆ ಎಂದು ಅರ್ಥವಲ್ಲ. ಸಂಘ ಇರುವುದು ಸಾಮಾನ್ಯ ಸೌಲಭ್ಯಗಳ ನಿರ್ವಹಣೆಗೆ. ಸದಸ್ಯನೊಬ್ಬ ತನ್ನ ಮನೆಯನ್ನು ಯಾರಿಗೆ ಕೊಡಬೇಕೆಂಬುದರಲ್ಲಿ ಅದು ಕೈಹಾಕಿದರೆ ಆ ಸದಸ್ಯ ಖಂಡಿತವಾಗಿ ಪ್ರಶ್ನಿಸಬಹುದು. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು 19ನೇ ವಿಧಿ ಮಣಿಪುರದವರಿಗೂ ಮಂಡ್ಯದವರಿಗೂ ಸಮನಾಗಿಯೇ ಕೊಟ್ಟಿದೆ ಎಂಬುದನ್ನು ಸಭೆಯಲ್ಲಿ ಓದಿ ಹೇಳಿ.

ಯಲ್ಲಾಪುರದವ
ನಾನು ಸಿದ್ದಿ ಸಮುದಾಯದವನು. ನಮ್ಮ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದರು. ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡು ಸೇರಿ, ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಜೊಯಿಡಾ ಕಡೆ ತಲೆಮಾರುಗಳಿಂದ ನೆಲೆಸಿದ್ದಾರೆ. 2003ರಲ್ಲಿ ನಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. 2020ರಲ್ಲಿ ನಮ್ಮವರೇ ಆದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಇಷ್ಟೆಲ್ಲ ಇದ್ದರೂ ಬೆಂಗಳೂರಿನಲ್ಲಿ ಮನೆ ಹುಡುಕಲು ಹೊರಟಾಗ ನನ್ನ ಮುಖವೇ ನನ್ನ ವಿಳಾಸವಾಯಿತು. ಫೋನಿನಲ್ಲಿ ನನ್ನ ಕನ್ನಡ ಕೇಳಿ, ‘ನಮ್ಮ ಕಡೆಯವರೇ ಇದ್ದೀರಿ, ಸಂಜೆ ಬಂದು ನೋಡಿ’ ಎಂದ ಹಿರಿಯರೊಬ್ಬರು ಸಂಜೆ ಗೇಟಿನ ಬಳಿ ನನ್ನನ್ನು ಕಂಡ ಕೂಡಲೇ ಇಂಗ್ಲಿಷಿಗೆ ತಿರುಗಿದರು. ಬೆಳಿಗ್ಗೆ ಮಾತಾಡಿದ್ದು ನಾನೇ ಎಂದು ಕನ್ನಡದಲ್ಲಿಯೇ ಹೇಳಿದೆ. ಆಧಾರ್ ಕಾರ್ಡ್ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ಮನೆ ಮಧ್ಯಾಹ್ನವೇ ಬೇರೆಯವರಿಗೆ ಆಯಿತು ಎಂದರು. ಟು ಲೆಟ್ ಬೋರ್ಡು ಮುಂದಿನ ವಾರವೂ ಅದೇ ಗೇಟಿನಲ್ಲಿ ತೂಗುತ್ತಿತ್ತು. ಜಯನಗರದ ಮಾಲೀಕರೇ, ನಿಮಗೆ ಬಣ್ಣದ ಮೇಲೆ ದ್ವೇಷವಿಲ್ಲ ಎಂದಿರಿ, ನಂಬುತ್ತೇನೆ. ನಾನು ನಿಮ್ಮ ಗೇಟಿಗೆ ಬಂದು ನಿಂತರೆ ಏನು ಮಾಡುತ್ತೀರಿ?

ಜಯನಗರದ ಮನೆ ಮಾಲೀಕ
ನೀವು ಕನ್ನಡಿಗರು. ನಿಮಗೆ ಕೊಡುತ್ತೇನೆ.

ಯಲ್ಲಾಪುರದವ
ನನ್ನ ಜೊತೆ ಕೆಲಸ ಮಾಡುವ ಉಗಾಂಡಾದ ಗೆಳೆಯನಿಗೂ ನನಗೂ ನೋಡಲು ವ್ಯತ್ಯಾಸವಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಬಾಗಿಲು ಮುಚ್ಚುವವರಿಗೆ ನಾನು ಕನ್ನಡಿಗನೆಂದು ತಿಳಿಯುವುದು ಹೇಗೆ? ಕನ್ನಡ ಬಲ್ಲೆನೆಂಬ ಕಾರಣಕ್ಕೆ ನನಗೊಬ್ಬನಿಗೆ ವಿನಾಯಿತಿ ಕೊಡಿ ಎಂದು ನಾನು ಕೇಳುತ್ತಿಲ್ಲ.

ಮನೆ ಬ್ರೋಕರ್, ಕಮ್ಮನಹಳ್ಳಿ
ನಾನು ಈ ಕೆಲಸದಲ್ಲೇ ಇರುವುದರಿಂದ ಹೇಳುತ್ತೇನೆ. ಆಫ್ರಿಕಾದವರಿಗೆ ಕೊಡುವುದಿಲ್ಲ ಎನ್ನುವ ಮಾಲೀಕರಲ್ಲಿ ಹಲವರು ಬಾಡಿಗೆ ಹೆಚ್ಚು ಸಿಗುತ್ತದೆ ಎಂದರೆ ಕೊಡುತ್ತಾರೆ. ಹದಿನೈದು ಸಾವಿರದ ಮನೆಗೆ ಇಪ್ಪತ್ತೈದು ಹೇಳುತ್ತಾರೆ. ಬೇರೆಡೆ ಸಿಗದು ಎಂದು ಗೊತ್ತಿರುವ ಹುಡುಗರು ಅದಕ್ಕೂ ಒಪ್ಪುತ್ತಾರೆ. ಆದರೆ ಕರಾರುಪತ್ರ ಬರೆದುಕೊಡಲು ಮಾಲೀಕರು ತಯಾರಿರುವುದಿಲ್ಲ. ವಿದೇಶಿಯರನ್ನು ಮನೆಯಲ್ಲಿ ಇರಿಸಿಕೊಂಡವರು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕಾದ, ಸಿ ಫಾರಂ ಎಂದೇ ಎಲ್ಲರೂ ಕರೆಯುವ ವರದಿಯನ್ನೂ ಹಾಕುವುದಿಲ್ಲ. ವೀಸಾ ವಿಸ್ತರಣೆಗೆ ಹೋದರೆ ಆ ಹುಡುಗನ ಬಳಿ ವಿಳಾಸದ ದಾಖಲೆಯೇ ಇರುವುದಿಲ್ಲ. ಅರ್ಜಿ ನಿಲ್ಲುತ್ತದೆ, ಅವಧಿ ಮೀರುತ್ತದೆ. ಆಮೇಲೆ ಅದೇ ಮಾಲೀಕರು ‘ನೋಡಿ, ಇವರೆಲ್ಲ ಅಕ್ರಮವಾಗಿ ಉಳಿದಿರುವವರು’ ಎನ್ನುತ್ತಾರೆ. ವೀಸಾ ಮುಗಿದರೂ ಬೇಕೆಂದೇ ಉಳಿದವರು ಇಲ್ಲವೆಂದು ನಾನು ಹೇಳುವುದಿಲ್ಲ, ಆದರೆ ಕಾಗದವಿಲ್ಲದೆ ಮನೆ ಕೊಟ್ಟವರ ಪಾಲು ಎಷ್ಟೆಂಬುದನ್ನೂ ಕೇಳಬೇಕಲ್ಲವೇ?

ಸುಮಾ ಭಟ್
ಬ್ರೋಕರ್ ಅಣ್ಣ ಹೇಳಿದ ಈ ಸರಪಳಿಯನ್ನು ಪ್ರತಿಯೊಬ್ಬ ಮಾಲೀಕರೂ ಓದಬೇಕು.

ಡಬ್ಲಿನ್ ಕನ್ನಡಿಗ
ಐರ್ಲೆಂಡಿನಿಂದ ಬರೆಯುತ್ತಿದ್ದೇನೆ. 2025ರ ಬೇಸಿಗೆಯಲ್ಲಿ ಡಬ್ಲಿನ್ ನಗರದ ಟಾಲಾ ಬಡಾವಣೆಯಲ್ಲಿ ಭಾರತೀಯರೊಬ್ಬರನ್ನು ಗುಂಪೊಂದು ಹೊಡೆದು ಬಟ್ಟೆ ಕಿತ್ತು ರಸ್ತೆಯಲ್ಲಿ ಬಿಟ್ಟುಹೋಯಿತು. ಅಂಥ ಹಲ್ಲೆಗಳು ಒಂದರ ಹಿಂದೊಂದು ನಡೆದ ಮೇಲೆ ಆಗಸ್ಟ್ ಮೊದಲ ದಿನ ಭಾರತದ ರಾಯಭಾರ ಕಚೇರಿ, ನಿರ್ಜನ ಜಾಗಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಓಡಾಡಬೇಡಿ ಎಂದು ಸೂಚನೆ ಹೊರಡಿಸಿತು. ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ವಾರವಿಡೀ ಬೇರೆ ಮಾತೇ ಇರಲಿಲ್ಲ. ಸಂಜೆಯ ಪಾಳಿ ಮುಗಿಸಿ ಬರುವ ನರ್ಸ್‌ಗಳು ಬಸ್ ನಿಲ್ದಾಣಕ್ಕೆ ಜೊತೆ ಹುಡುಕಿಕೊಂಡು ಹೋಗತೊಡಗಿದರು. 2009ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದಾಗ, ಅಲ್ಲಿನ ಅಧಿಕಾರಿಗಳು ‘ಇವು ಸಾಮಾನ್ಯ ಸುಲಿಗೆಗಳು, ಜನಾಂಗೀಯವಲ್ಲ’ ಎಂದದ್ದಕ್ಕೆ ನಮ್ಮ ದೇಶದಲ್ಲಿ ಎಷ್ಟು ಕೋಪ ಬಂದಿತ್ತು ಎಂಬುದು ಹಲವರಿಗೆ ನೆನಪಿರಬಹುದು. ಆ ಕೋಪ ನ್ಯಾಯವಾದದ್ದು. ಬೆಂಗಳೂರಿನಲ್ಲಿ ನಡೆದಾಗಲೂ ಅದೇ ಕೋಪ ಬರಬೇಕೆಂದು ನಿರೀಕ್ಷಿಸುವುದು ತಪ್ಪೇ?

ಕೆಂಗೇರಿ ಗೌಡ
ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಹೊಡೆಯುವುದು ಅಪರಾಧ. ಬಾಡಿಗೆ ಕೊಡದಿರುವುದು ಒಬ್ಬನ ಇಚ್ಛೆ. ಇನ್ನು, ನಮ್ಮ ನೆಲದಲ್ಲಿ ನಮ್ಮ ಭಾಷೆಗೇ ಜಾಗವಿಲ್ಲದಂತಾಗಿರುವಾಗ ಕನ್ನಡಿಗರಿಗೇ ಬುದ್ಧಿ ಹೇಳುವುದು ಯಾಕೆ? ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಕೊಡಬೇಕೆಂದ ಸರೋಜಿನಿ ಮಹಿಷಿ ವರದಿ ಎಷ್ಟು ದಶಕಗಳಿಂದ ಜಾರಿಗಾಗಿ ಕಾಯುತ್ತಿದೆ ಎಂಬುದನ್ನು ಯಾರೂ ಕೇಳುವುದಿಲ್ಲ.

ಹೆಣ್ಣೂರು ನಿವಾಸಿ
ಗೌಡರೇ, ಮಹಿಷಿ ವರದಿ ಜಾರಿಯಾಗಲಿ ಎಂದು ಕೇಳುವವರ ಸಾಲಿನಲ್ಲಿ ನಾನೂ ಇದ್ದೇನೆ. ಅದು ಸರ್ಕಾರವನ್ನೂ ದೊಡ್ಡ ಉದ್ಯಮಗಳನ್ನೂ ಕೇಳಬೇಕಾದ ಪ್ರಶ್ನೆ. ಸಲೂನಿನಲ್ಲಿ ಕೂದಲು ಕತ್ತರಿಸುವ ಮಿಜೋ ಹುಡುಗಿಗೆ ಮನೆ ಕೊಡದಿದ್ದರೆ ಒಬ್ಬ ಕನ್ನಡಿಗನಿಗಾದರೂ ಕೆಲಸ ಸಿಗುತ್ತದೆಯೇ ಹೇಳಿ. ಬಲಶಾಲಿಗಳ ಮೇಲಿನ ಸಿಟ್ಟನ್ನು ಕೈಗೆ ಸಿಕ್ಕ ದುರ್ಬಲರ ಮೇಲೆ ತೀರಿಸಿಕೊಳ್ಳುವುದರಿಂದ ಕನ್ನಡಕ್ಕೆ ಏನೂ ದಕ್ಕುವುದಿಲ್ಲ.

ಇಂಫಾಲದ ಹುಡುಗಿ, ಈಗ ಬೆಂಗಳೂರು
ನಾನು ಮಣಿಪುರದವಳು. ಇಲ್ಲಿಯೇ ಕಾಲೇಜು ಓದಿ, ಇಲ್ಲಿಯೇ ಕೆಲಸಕ್ಕೆ ಸೇರಿದ್ದೇನೆ. ಕನ್ನಡವನ್ನು ಮೊದಲ ಮನೆಯ ಮಾಲೀಕರಾದ ಅಜ್ಜಿಯಿಂದ ಕಲಿತೆ. ಬರಹದಲ್ಲಿ ತಪ್ಪುಗಳಿದ್ದರೆ ಗೆಳತಿ ತಿದ್ದಿದ್ದಾಳೆ. ಕನ್ನಡ ಕಲಿಯಬೇಕೆಂದು ಗೌಡ ಸರ್ ಹೇಳಿದರೆ ನನ್ನ ತಕರಾರಿಲ್ಲ, ಇರುವ ಊರಿನ ಮಾತು ಕಲಿಯಬೇಕು. ಆದರೆ 2014ರ ಅಕ್ಟೋಬರಿನಲ್ಲಿ ಕನ್ನಡ ಬರುವುದಿಲ್ಲವೆಂದು ನಮ್ಮ ರಾಜ್ಯದ ವಿದ್ಯಾರ್ಥಿಯೊಬ್ಬನನ್ನು ಇದೇ ನಗರದಲ್ಲಿ ಹೊಡೆದರು. ಹೊಡೆತ ತಿಂದವನಿಗೆ ಆ ಭಾಷೆಯ ಮೇಲೆ ಪ್ರೀತಿ ಹುಟ್ಟುವುದು ಹೇಗೆ? ನನಗೆ ಅದನ್ನು ಕಲಿಸಿದ್ದು ಅಜ್ಜಿ ದಿನಾ ಸಂಜೆ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಅವರೆಕಾಯಿ ಸುಲಿಯುತ್ತ ಆಡಿದ ಮಾತು.

2012ರ ಆಗಸ್ಟಿನಲ್ಲಿ ನಮ್ಮ ಅಕ್ಕ ಇಲ್ಲಿದ್ದಳು. ಅಸ್ಸಾಮಿನ ಕೊಕ್ರಝಾರ್ ಗಲಭೆಯ ನಂತರ, ಬೆಂಗಳೂರಿನಲ್ಲಿ ಈಶಾನ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ಸುಳ್ಳು ಎಸ್‌ಎಂಎಸ್‌ಗಳು ಹರಡಿದವು. ಮೂರು ದಿನಗಳಲ್ಲಿ ಸುಮಾರು 30,000 ಜನ ಗುವಾಹಟಿಯ ರೈಲು ಹತ್ತಿದರು ಎಂದು ಆಗ ವರದಿಯಾಯಿತು. ವಿಶೇಷ ರೈಲುಗಳನ್ನು ಬಿಡಬೇಕಾಯಿತು, ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ದೇಶದಾದ್ಯಂತ ನಿರ್ಬಂಧ ಹಾಕಬೇಕಾಯಿತು. ಅಷ್ಟು ಜನ ಒಂದು ಸುಳ್ಳನ್ನು ನಂಬಿದ್ದು ಏಕೆಂದು ಯಾರಾದರೂ ಯೋಚಿಸಿದ್ದೀರಾ? ದಿನವೂ ಬಸ್ಸಿನಲ್ಲಿ, ಬೀದಿಯಲ್ಲಿ ಕೇಳುವ ಹೀಯಾಳಿಕೆಗಳಿಂದ ಅವರ ಮನಸ್ಸು ಮೊದಲೇ ಹೆದರಿತ್ತು. 2020ರ ಮಾರ್ಚಿನಲ್ಲಿ ನಮ್ಮನ್ನು ‘ಕೊರೊನಾ’ ಎಂದು ಕರೆದರು. ಮೈಸೂರಿನ ದಿನಸಿ ಮಳಿಗೆಯೊಂದು ನಾಗಾಲ್ಯಾಂಡಿನ ಇಬ್ಬರು ಹುಡುಗರನ್ನು ಒಳಗೇ ಬಿಡಲಿಲ್ಲ.

ಕೆಂಗೇರಿ ಗೌಡ
ತಂಗಿ, ನಿನ್ನ ಕನ್ನಡ ಓದಿ ಬಹಳ ಸಂತೋಷವಾಯಿತು. ಹೊಡೆಯುವವರನ್ನು ನಾನು ಎಂದಿಗೂ ಸಮರ್ಥಿಸುವುದಿಲ್ಲ. ಅಂಥವರಿಂದ ಕನ್ನಡಕ್ಕೂ ಕೆಟ್ಟ ಹೆಸರು.

ತೀರ್ಥಹಳ್ಳಿ ಶೈಲಜಾ
ಅಡುಗೆಯ ವಾಸನೆಯ ದೂರು ಇನ್ನೂ ಬಂದಿಲ್ಲ, ಸಭೆಯಲ್ಲಿ ಖಂಡಿತ ಬರುತ್ತದೆ. 2007ರಲ್ಲಿ ದೆಹಲಿ ಪೊಲೀಸರು ಈಶಾನ್ಯದ ವಿದ್ಯಾರ್ಥಿಗಳಿಗೆಂದು ಒಂದು ಕಿರುಪುಸ್ತಕ ಮಾಡಿ, ಎಳೆಬಿದಿರು, ಹುದುಗಿಸಿದ ಸೋಯಾ ಕಾಳಿನ ಅಕುನಿ ಮುಂತಾದ ವಾಸನೆಯ ಅಡುಗೆಯನ್ನು ನೆರೆಯವರಿಗೆ ತೊಂದರೆಯಾಗುವಂತೆ ಮಾಡಬೇಡಿ ಎಂದು ಬುದ್ಧಿ ಹೇಳಿದ್ದರು. ಎಳೆಬಿದಿರು ಎಂದರೆ ನಮ್ಮ ಕಳಲೆಯೇ. ಮಳೆಗಾಲದಲ್ಲಿ ಮಲೆನಾಡಿನ ಮನೆಗಳಲ್ಲಿ ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ನೆನೆಸಿಟ್ಟಾಗ ಮನೆಯೆಲ್ಲ ಆ ಹುಳಿ ವಾಸನೆ ತುಂಬಿರುತ್ತದೆ. ಕೊಡಗಿನವರು ಅದನ್ನೇ ಬೈಂಬಳೆ ಎಂದು ಪ್ರೀತಿಯಿಂದ ಉಣ್ಣುತ್ತಾರೆ. ಕರಾವಳಿಯವರು ಒಣಮೀನು ಸುಟ್ಟರೆ ಬೀದಿಯ ಆ ತುದಿಗೂ ಗೊತ್ತಾಗುತ್ತದೆ. ಅದೇ ಕಳಲೆ ನಾಗಾ ಹುಡುಗನ ಒಲೆಯ ಮೇಲಿದ್ದಾಗ ಮಾತ್ರ ಸಹಿಸಲಾರದ ನಾತ ಎನಿಸುವುದಾದರೆ, ತಕರಾರು ಅಡುಗೆಯ ಮೇಲಲ್ಲ.

ದಾವಣಗೆರೆ ಬಸವರಾಜ
ಇದನ್ನೆಲ್ಲ ಹೊರಗಿನವರ ಮೇಲಿನ ಭೇದವೆಂದು ಮಾತ್ರ ನೋಡಿದರೆ ಅರ್ಧ ನೋಡಿದಂತೆ. ನಾನು ದಲಿತ, ಅಪ್ಪಟ ಕನ್ನಡಿಗ. ‘ನೀವು ಯಾವ ಜನ?’ ಎಂಬ ಪ್ರಶ್ನೆಯನ್ನು ದಾಟಿಯೇ ನಾನು ಇದುವರೆಗಿನ ಪ್ರತಿಯೊಂದು ಮನೆಗೂ ಹೋಗಿದ್ದೇನೆ. ನೇರವಾಗಿ ಕೇಳಲು ಸಂಕೋಚಪಡುವವರು ಮಾಂಸ ತಿನ್ನುತ್ತೀರಾ ಎಂದು ಕೇಳುತ್ತಾರೆ, ಮನೆದೇವರು ಯಾರು ಎಂದು ಕೇಳುತ್ತಾರೆ. ಮುಸ್ಲಿಂ ಗೆಳೆಯರಿಗೆ ಹೆಸರು ಹೇಳಿದ ಕೂಡಲೇ ಉತ್ತರ ಸಿಕ್ಕಿಬಿಡುತ್ತದೆ. ಮನುಷ್ಯರನ್ನು ಹುಟ್ಟಿನಿಂದ ಅಳೆದು ಒಳಗೆ ಬಿಡುವ, ಹೊರಗಿಡುವ ಅಭ್ಯಾಸ ನಮ್ಮಲ್ಲಿ ಮೊದಲೇ ಗಟ್ಟಿಯಾಗಿತ್ತು. ನೈಜೀರಿಯಾದವರೂ ಮಣಿಪುರದವರೂ ಬಂದಾಗ ಅದಕ್ಕೆ ಹೊಸ ಹೆಸರುಗಳು ಸೇರಿಕೊಂಡವು, ಅಷ್ಟೇ.

ಸುಮಾ ಭಟ್
ಬಸವರಾಜ ಅವರೇ, ಈ ಚರ್ಚೆ ಇಲ್ಲಿಂದಲೇ ಆರಂಭವಾಗಬೇಕಿತ್ತು.

ಜಯನಗರದ ಮನೆ ಮಾಲೀಕ
ಜಾತಿ ಕೇಳುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ಎಲ್ಲ ಎಚ್ಚರಿಕೆಯನ್ನೂ ಜನಾಂಗ ದ್ವೇಷವೆಂದು ಕರೆಯಬೇಡಿ. 2016ರ ಹೆಸರಘಟ್ಟ ರಸ್ತೆಯ ಗಲಾಟೆಯನ್ನೂ ಹಾಗೆಯೇ ಕರೆದರು. ಅಲ್ಲಿ ಮೊದಲು ಒಬ್ಬ ಮಹಿಳೆ ಕಾರಿನಡಿ ಸಿಕ್ಕಿ ಸತ್ತಿದ್ದಳು, ಜನರ ಸಿಟ್ಟಿಗೆ ಅದೇ ಕಾರಣ. ಆಗಿನ ಗೃಹ ಸಚಿವರಾದ ಜಿ. ಪರಮೇಶ್ವರ ಅವರೂ ಅದು ಜನಾಂಗೀಯ ದಾಳಿಯಲ್ಲ ಎಂದೇ ಹೇಳಿದ್ದರು.

ವಕೀಲ, ಸಿವಿಲ್ ಕೋರ್ಟ್
ಆ ಘಟನೆಯನ್ನು ಪೂರ್ತಿಯಾಗಿ ಹೇಳಿ, ಮಾಲೀಕರೇ. 2016ರ ಜನವರಿ 31ರ ರಾತ್ರಿ ಅಪಘಾತ ಮಾಡಿದ ಕಾರನ್ನು ಓಡಿಸುತ್ತಿದ್ದವನು ಸುಡಾನ್ ದೇಶದವನು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬೇರೊಂದು ಕಾರಿನಲ್ಲಿ ಬಂದವಳು ತಾಂಜಾನಿಯಾದ ವಿದ್ಯಾರ್ಥಿನಿ. ದೇಶ ಬೇರೆ, ಕಾರು ಬೇರೆ, ಅಪಘಾತದ ಸುದ್ದಿಯೂ ಅವಳಿಗೆ ತಿಳಿದಿರಲಿಲ್ಲ. ಗುಂಪು ಅವಳನ್ನೂ ಜೊತೆಗಿದ್ದವರನ್ನೂ ಹೊರಗೆಳೆದು ಹೊಡೆಯಿತು, ಅವಳ ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಹಚ್ಚಿತು. ಚಾಲಕ ಬಿಳಿಯನಾಗಿದ್ದರೆ ಅರ್ಧ ಗಂಟೆಯ ನಂತರ ಬಂದ ಮತ್ತೊಬ್ಬ ಬಿಳಿಯನನ್ನು ಎಳೆದು ಹೊಡೆಯುತ್ತಿದ್ದರೇ? ಒಬ್ಬನು ಮಾಡಿದ್ದಕ್ಕೆ ಅವನಂತೆ ಕಾಣುವ ಮತ್ತೊಬ್ಬಳು ದಂಡ ತೆರಬೇಕಾಗುವುದನ್ನು ಜನಾಂಗೀಯ ಹಿಂಸೆ ಎನ್ನದೆ ಬೇರೆ ಹೆಸರಿನಿಂದ ಕರೆಯಲು ಬರುವುದಿಲ್ಲ. ಆಮೇಲೆ ಬಂಧನಗಳಾದವು, ಕೆಲವು ಪೊಲೀಸರ ಅಮಾನತೂ ಆಯಿತು.

ಕಾನೂನಿನ ಮಾತು ಮತ್ತೆ ಬಂದಿರುವುದರಿಂದ ಇದನ್ನೂ ಸೇರಿಸುತ್ತೇನೆ. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಹೊಡೆತ ತಿಂದ ಅರುಣಾಚಲದ ವಿದ್ಯಾರ್ಥಿಯೊಬ್ಬ ಮರಣಹೊಂದಿದ ಮೇಲೆ ಕೇಂದ್ರವು ಬೆಜ್‌ಬರುವಾ ಸಮಿತಿಯನ್ನು ನೇಮಿಸಿತು. ಜನಾಂಗೀಯ ನಿಂದನೆ ಮತ್ತು ಹಲ್ಲೆಗೆ ದಂಡ ಸಂಹಿತೆಯಲ್ಲಿ ಪ್ರತ್ಯೇಕ ಕಲಮುಗಳನ್ನು ಸೇರಿಸಬೇಕೆಂದು ಸಮಿತಿ ಅದೇ ವರ್ಷ ಶಿಫಾರಸು ಮಾಡಿತು, ಆ ಕಲಮುಗಳು ಬರಲೇ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ಅಥವಾ ಹೆಚ್ಚು ಜನರ ಗುಂಪು ಜನಾಂಗ, ಜಾತಿ, ಹುಟ್ಟಿದ ಸ್ಥಳ, ಭಾಷೆ ಮುಂತಾದ ಕಾರಣಕ್ಕೆ ಕೊಲೆ ಮಾಡಿದರೆ 103(2), ತೀವ್ರ ಗಾಯ ಮಾಡಿದರೆ 117(4) ಅನ್ವಯಿಸುತ್ತದೆ. ಬೀದಿಯ ಹೀಯಾಳಿಕೆಗೂ ಮುಚ್ಚಿದ ಬಾಗಿಲಿಗೂ ಅದರಲ್ಲಿ ಪರಿಹಾರವಿಲ್ಲ.

ಬೆಳ್ಳಂದೂರು ಶಿಕ್ಷಕಿ
ಮುಖ ನೋಡಿ, ಮಾತು ಕೇಳಿ ತೀರ್ಮಾನ ಮಾಡುವವರು ಎಲ್ಲಿಗೆ ಮುಟ್ಟುತ್ತಾರೆ ಎಂಬುದನ್ನು ನಾನು 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ನೋಡಿದೆ. ಅಲ್ಲಿ ‘ಬಾಂಗ್ಲಾದೇಶಿಗಳು’ ಇದ್ದಾರೆಂದು ಹೇಳಿ ಕೂಲಿಕಾರರ ಗುಡಿಸಲುಗಳನ್ನು ಜೆಸಿಬಿಯಿಂದ ಕೆಡವಿದರು. ಬಂಗಾಳಿ ಮಾತಾಡುವವರ ಬಳಿ ಭಾರತದ ದಾಖಲೆಗಳಿದ್ದವು. ಅಷ್ಟೇ ಅಲ್ಲ, ಅಲ್ಲಿ ಉತ್ತರ ಕರ್ನಾಟಕದಿಂದ ಗುಳೆ ಬಂದ ಕುಟುಂಬಗಳೂ ಇದ್ದವು. ಮುರಿದ ತಗಡಿನ ರಾಶಿಯೊಳಗಿಂದ ಜೋಳದ ಹಿಟ್ಟಿನ ಡಬ್ಬಿಯನ್ನು ಎಳೆದು ತೆಗೆಯುತ್ತಿದ್ದ ತಾಯಿಯೊಬ್ಬರು, ‘ನಾವು ಇಲ್ಲಿಯವರೇ ಅದೀವ್ರಿ’ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಹೈಕೋರ್ಟು ಆ ಕ್ರಮವನ್ನು ತೀಕ್ಷ್ಣವಾಗಿಯೇ ಪ್ರಶ್ನಿಸಿತು. ಹೊರಗಿನವರಿಗೆಂದು ತೋಡಿದ ಗುಂಡಿಗೆ ಒಳಗಿನ ಬಡವರೂ ಬಿದ್ದರು.

ಪಿರಿಯಾಪಟ್ಟಣದ ಮಂಜುನಾಥ
ನಮ್ಮ ತಾಲ್ಲೂಕಿನ ಮಾತನ್ನೂ ಹೇಳಬೇಕು. ಬೈಲುಕುಪ್ಪೆಯಲ್ಲಿ ಟಿಬೆಟನ್ನರಿಗೆ 1960ರ ಸುಮಾರಿಗೆ ಆಗಿನ ಮೈಸೂರು ಸರ್ಕಾರ ಜಮೀನು ಕೊಟ್ಟಿತು. ಆಗ ಅದು ಬರೀ ಕಾಡು. ಈಗ ಅವರ ಮೆಕ್ಕೆಜೋಳವನ್ನು ನಮ್ಮೂರಿನ ವ್ಯಾಪಾರಿಗಳು ಕೊಳ್ಳುತ್ತಾರೆ, ನಮ್ಮವರು ಅವರ ಹೊಲದಲ್ಲಿ ಕೂಲಿಗೆ ಹೋಗುತ್ತಾರೆ, ಅವರ ಹುಡುಗರು ನಮ್ಮೊಂದಿಗೆ ಕನ್ನಡದಲ್ಲಿಯೇ ಚೌಕಾಸಿ ಮಾಡುತ್ತಾರೆ. ಜಗಳಗಳು ಆಗಿಲ್ಲವೆಂದಲ್ಲ, ಜಮೀನಿನ ವಿಷಯಕ್ಕೂ ಆಗಿವೆ, ವಾಹನ ತಾಗಿದ್ದಕ್ಕೂ ಆಗಿವೆ. ಅವನ್ನು ಆಯಾ ಜಗಳಗಳಾಗಿಯೇ ಬಗೆಹರಿಸಿಕೊಂಡಿದ್ದೇವೆ.

ಹೆಣ್ಣೂರು ನಿವಾಸಿ
ಎಲ್ಲರಿಗೂ ವಂದನೆಗಳು. ನಿನ್ನೆ ಸಂಜೆ ಕಾರ್ಯದರ್ಶಿಯವರ ಮನೆಗೆ ಹೋಗಿ 19ನೇ ವಿಧಿಯ ವಿಷಯವನ್ನೂ, ಸಿ ಫಾರಂ ಹಾಕದಿದ್ದರೆ ತೊಂದರೆಗೆ ಸಿಲುಕುವವರು ಮಾಲೀಕರೇ ಎಂಬುದನ್ನೂ ಹೇಳಿದೆ. ನಿರ್ಣಯದ ಬದಲಿಗೆ ಬೇರೆ ಪಠ್ಯ ತಂದರೆ ಸಭೆಯ ಮುಂದಿಡಲು ಒಪ್ಪಿದ್ದಾರೆ. ವಕೀಲರೇ, ದಯವಿಟ್ಟು ನಾಲ್ಕು ಸಾಲು ಬರೆದುಕೊಡುತ್ತೀರಾ?

ವಕೀಲ, ಸಿವಿಲ್ ಕೋರ್ಟ್
ಹೀಗೆ ಬರೆಯಿರಿ: ‘ರಾತ್ರಿ ಹತ್ತು ಗಂಟೆಯ ನಂತರ ನೆರೆಯವರಿಗೆ ತೊಂದರೆಯಾಗುವ ಸದ್ದು ಮಾಡತಕ್ಕದ್ದಲ್ಲ, ಈ ನಿಯಮ ಮಾಲೀಕರಿಗೂ ಬಾಡಿಗೆದಾರರಿಗೂ ಸಮಾನವಾಗಿ ಅನ್ವಯಿಸುತ್ತದೆ. ಪ್ರತಿಯೊಬ್ಬ ಬಾಡಿಗೆದಾರರ ಕರಾರುಪತ್ರದ ಪ್ರತಿಯನ್ನೂ ಗುರುತಿನ ದಾಖಲೆಯನ್ನೂ ಮಾಲೀಕರು ಪಡೆದಿಟ್ಟುಕೊಳ್ಳಬೇಕು. ವಿದೇಶಿ ಬಾಡಿಗೆದಾರರ ವಿವರವನ್ನು ನಿಗದಿತ ಅವಧಿಯಲ್ಲಿ ನೋಂದಣಿ ಕಚೇರಿಗೆ ಸಲ್ಲಿಸುವುದು ಮಾಲೀಕರ ಹೊಣೆ. ಜನಾಂಗ, ಜಾತಿ, ಧರ್ಮ, ಭಾಷೆ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾರಿಗೂ ಸಂಘವು ಪ್ರವೇಶ ನಿರಾಕರಿಸತಕ್ಕದ್ದಲ್ಲ.’

ಜಯನಗರದ ಮನೆ ಮಾಲೀಕ
ಮೊದಲ ಮೂರು ವಾಕ್ಯಗಳಿಗೆ ನಾನೂ ಕೈ ಎತ್ತುತ್ತೇನೆ. ನಾಲ್ಕನೆಯದು ಸಂಘಕ್ಕೆ ಸರಿ, ನನ್ನ ಸ್ವಂತ ಮನೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಬ್ರೋಕರ್ ಅವರೇ, ಆ ಸಿ ಫಾರಂ ಹಾಕಲು ಮಾಲೀಕರು ತಾವೇ ಹೋಗಬೇಕೇ?

ಮನೆ ಬ್ರೋಕರ್, ಕಮ್ಮನಹಳ್ಳಿ
ಹೋಗಬೇಕಾಗಿಲ್ಲ ಸರ್, ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಹಾಕಬಹುದು. ಒಮ್ಮೆ ಮಾಲೀಕರ ಹೆಸರಿನಲ್ಲಿ ಖಾತೆ ತೆರೆದುಕೊಳ್ಳಬೇಕು, ಆಮೇಲೆ ಬಾಡಿಗೆದಾರರ ಪಾಸ್‌ಪೋರ್ಟ್, ವೀಸಾ ವಿವರ ತುಂಬಿದರಾಯಿತು. ಯಾರಿಗಾದರೂ ತಿಳಿಯದಿದ್ದರೆ ನಾನು ಕೂತು ತೋರಿಸಿಕೊಡುತ್ತೇನೆ, ಅದಕ್ಕೆ ಕಮಿಷನ್ ತೆಗೆದುಕೊಳ್ಳುವುದಿಲ್ಲ.